ಬಾಕಿಗೆ ಬಡಿದ ಹಲಗೆ

ಬಜೆಟ್ ಸಭೆಗೆ ಹದಿನೈದು ಸದಸ್ಯರಲ್ಲಿ ಹದಿನಾಲ್ಕು ಮಂದಿ ಬಂದಿದ್ದರು. ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದರು, ಚಹಾ ಕುಡಿದರು. ಆಮೇಲೆ ಮುಖ್ಯಾಧಿಕಾರಿ ವಿಶ್ವಪ್ರಿಯ ಸಾಹೇಬರು ಎದ್ದು ನಿಂತು ಪಂಚಾಯಿತಿಯಲ್ಲಿ ದುಡ್ಡಿಲ್ಲ ಎಂದು ಓದಿ ಹೇಳಿದರು. ಆ ಮಿರ್ಚಿಯ ಬಿಲ್ಲನ್ನೂ ಕೊಟ್ಟಿಲ್ಲ ಎಂಬುದು ನನಗೆ ಗೊತ್ತಿತ್ತು.

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸುಗಳು ನಮ್ಮೂರಲ್ಲಿ ಐದು ನಿಮಿಷ ನಿಲ್ಲುತ್ತವೆ. ಗ್ರಾಮ ಪಂಚಾಯಿತಿ ಇದ್ದದ್ದು ಪಟ್ಟಣ ಪಂಚಾಯಿತಿ ಆಗಿ ಹತ್ತು ವರ್ಷವಾಯಿತು. ಬೋರ್ಡು ಬದಲಾಯಿತು, ತೆರಿಗೆಯ ದರ ಬದಲಾಯಿತು, ಕಟ್ಟುವ ಜನ ಬದಲಾಗಲಿಲ್ಲ. ನಾನು ಅಲ್ಲಿನ ಬಿಲ್ ಕಲೆಕ್ಟರ್. ಹೆಸರು ಅಮರೇಶ್. ಮನೆ ಕಂದಾಯ, ನೀರಿನ ಕಂದಾಯ ಕೇಳುತ್ತ ಬಾಗಿಲು ಬಾಗಿಲು ತಿರುಗುವುದು ನನ್ನ ಕೆಲಸ.

ಕಾಯಂ ನೌಕರರಿಗೆ ಸರ್ಕಾರದಿಂದ ಸಂಬಳ ಬರುತ್ತದೆ. ಕಸ ಎತ್ತುವ ಒಂಬತ್ತು ಜನ ಹೊರಗುತ್ತಿಗೆಯವರು. ಅವರ ಪಗಾರ ಊರಿನ ಕಂದಾಯದಲ್ಲೇ ಹುಟ್ಟಬೇಕು. ಐದು ತಿಂಗಳಿಂದ ಹುಟ್ಟಿರಲಿಲ್ಲ.

ಸಾಹೇಬರು ಬಳ್ಳಾರಿಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಗಟ್ಟಿ ಮನುಷ್ಯ ಅಲ್ಲ. ಆದಾಯ ಹೆಚ್ಚಿಸುವ ದಾರಿಗಳು ಎಂದು ಒಂದು ಹಾಳೆ ತಯಾರು ಮಾಡಿಕೊಂಡು ಬಂದಿದ್ದರು. ಸಂತೆ ಸುಂಕದ ಹರಾಜಿನ ಮೊತ್ತ ಏರಿಸಬಹುದು ಎಂದರು. ಸಂತೆ ಹಿಡಿದಿದ್ದವನು ಒಬ್ಬ ಸದಸ್ಯನ ಭಾವಮೈದ, ಆಗಲಿಲ್ಲ. ಬಸ್ ನಿಲ್ದಾಣದ ಮಳಿಗೆಗಳ ಬಾಡಿಗೆ ಏರಿಸಬಹುದು ಎಂದರು. ಹನ್ನೆರಡು ಮಳಿಗೆಗಳಲ್ಲಿ ಏಳು ಸದಸ್ಯರ ಹೆಂಡಂದಿರ ಹೆಸರಲ್ಲಿದ್ದವು, ಆಗಲಿಲ್ಲ. ಮೊಬೈಲ್ ಟವರುಗಳು ಅವರ ಮಾಳಿಗೆಗಳ ಮೇಲೇ ನಿಂತಿದ್ದವು. ಪರವಾನಗಿ ಇಲ್ಲದ ನಲ್ಲಿಗಳ ಮಾತೆತ್ತಿದಾಗ ಎಲ್ಲರೂ ನಕ್ಕರು.

ನಾಲ್ಕನೇ ವಾರ್ಡಿನ ಸದಸ್ಯ ಗವಿಸಿದ್ದೇಶ್, ಅಕ್ಕಿ ಮಿಲ್ಲಿನ ಯಜಮಾನ, ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದ: "ಜನರ ಮ್ಯಾಲೆ ಹೊಸಾ ಭಾರ ಹಾಕಬ್ಯಾಡ್ರಿ ಸಾಹೇಬ್ರ. ಹಳೇ ಬಾಕಿ ಐತಲ್ಲ, ಅದನ್ನ ವಸೂಲಿ ಮಾಡ್ರಿ. ಬಿಲ್ ಕಲೆಕ್ಟರ್ ಏನು ಕತ್ತಿ ಕಾಯಾಕ ಹೋಗ್ಯಾನೇನು?"

ಅವನ ಮಿಲ್ಲಿನ ಬಾಕಿ ಒಂದು ಲಕ್ಷ ತೊಂಬತ್ತೆರಡು ಸಾವಿರ. ಪಟ್ಟಿ ನನ್ನ ಕೈಯಲ್ಲೇ ಇತ್ತು.

"ಓದ್ಲೇನ್ರಿ ಯಾರದ್ದು ಎಷ್ಟು ಬಾಕಿ ಅಂತ? ಮೊದಲನೇ ಹೆಸರ ನಿಮ್ದು" ಎಂದೆ.

"ಅಮರೇಶ್, ಕೂತ್ಕೊಳ್ರಿ" ಎಂದರು ಸಾಹೇಬರು.

ಕೂತೆ. ಆಗ ಸಾಹೇಬರು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ಊರಲ್ಲಿ ಬಾಕಿದಾರರ ಮನೆ ಮುಂದೆ ತಮಟೆ ಬಡಿಸುತ್ತಿದ್ದರು. ಮರ್ಯಾದೆಗೆ ಅಂಜಿ ಜನ ಅಲ್ಲೇ ದುಡ್ಡು ಎಣಿಸುತ್ತಿದ್ದರು. ಹದಿನಾಲ್ಕು ಮಂದಿಯೂ ಮೊಬೈಲಿನ ಸುತ್ತ ಬಗ್ಗಿ ನೋಡಿದರು. ಆ ದಿನ ಎಲ್ಲರೂ ಒಪ್ಪಿದ್ದು ಅದೊಂದೇ.

"ಬಡಿಯೋರು ಬೇಕಲ್ಲ?" ಎಂದ ಒಬ್ಬ.

"ನಮ್ಮ ಮಾರೆಣ್ಣ ಅದಾನಲ್ಲ. ಅವರ ಮನಿತನದ ಕೆಲಸ" ಎಂದ ಗವಿಸಿದ್ದೇಶ್.

ಮಾರೆಣ್ಣ ಆ ಒಂಬತ್ತು ಜನರಲ್ಲಿ ಒಬ್ಬ. ನನಗಿಂತ ಏಳೆಂಟು ವರ್ಷ ಚಿಕ್ಕವನು, ಅವನೂ ನಾನೂ ಇದೇ ಊರಿನ ಸಾಲೆಯಲ್ಲಿ ಏಳನೆಯವರೆಗೆ ಓದಿದವರು. ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ, ನಮ್ಮ ಕಡೆಯ ತಮಟೆ, ಬಡಿಯುವುದು ಅವನ ಕೇರಿಯವರ ಮೇಲೆ ಹೊರಿಸಿದ್ದ ಕೆಲಸ. ಮಾರೆಣ್ಣನ ಅಪ್ಪ ಮೂಕಪ್ಪನಂಥ ಕೈ ಸುತ್ತಲ ಹತ್ತೂರಲ್ಲಿ ಇರಲಿಲ್ಲ. ಒಂದು ಸಲ ಜ್ವರದಲ್ಲಿ ಮಲಗಿದ್ದ ಮೂಕಪ್ಪನನ್ನು ಎಳೆದುಕೊಂಡು ಹೋಗಿ ರಾತ್ರಿ ಪೂರ್ತಿ ಬಡಿಸಿದ್ದರು. ಅದಾದ ತಿಂಗಳಿಗೆ ಕೇರಿಯವರೆಲ್ಲ ಸೇರಿ ಹನ್ನೊಂದು ಹಲಗೆಗಳನ್ನು ಕಾಲುವೆಗೆ ಒಗೆದರು. ಆಗ ನನಗೆ ಹತ್ತೊಂಬತ್ತು. ಸೇತುವೆ ಮೇಲೆ ನಿಂತು ನೋಡಿದ್ದೇನೆ. ಹಲಗೆಗಳು ಸಿರುಗುಪ್ಪದ ಕಡೆ ತೇಲಿಹೋದವು. ಊರವರು ಎರಡು ತಿಂಗಳು ಅವರನ್ನು ಗದ್ದೆ ಕೆಲಸಕ್ಕೆ ಕರೆಯಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಅವರು ಬಗ್ಗಲಿಲ್ಲ. ಮೂಕಪ್ಪ ಸತ್ತಾಗ ಅವನ ಹೆಣದ ಮುಂದೂ ಹಲಗೆ ಇರಲಿಲ್ಲ. ಅವನೇ ಹಾಗೆ ಹೇಳಿದ್ದ.

ಇದೆಲ್ಲ ಗೊತ್ತಿದ್ದೂ ಮಾರೆಣ್ಣನ ಮನೆಗೆ ಹೋದವನು ನಾನು.

"ಹತ್ತು ದಿನ ಕಣಲೇ. ಹತ್ತೇ ದಿನ" ಎಂದೆ.

"ಬ್ಯಾರೆ ಏನರ ಹೇಳ್ರಿ ಅಮರೇಶಣ್ಣ. ಚರಂಡಿಗೆ ಇಳಿ ಅನ್ರಿ, ಇಳಿತೀನಿ. ಇದು ಬ್ಯಾಡ್ರಿ."

"ಇದು ಸಾವಿಗಲ್ಲಲೇ, ಟ್ಯಾಕ್ಸಿಗೆ. ಸರ್ಕಾರಿ ಕೆಲಸ."

"ಹಲಿಗಿಗೆ ಗೊತ್ತಾಗ್ತತೇನ್ರಿ ಅದು ಸರ್ಕಾರಿ ಅಂತ?"

ಅವನ ಹೆಂಡತಿ ಹೊನ್ನೂರಮ್ಮ ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಅವಳೂ ಆ ಒಂಬತ್ತರಲ್ಲಿ ಒಬ್ಬಳು. ಮೊರ ಕೆಳಗಿಟ್ಟಳು.

"ಕಿರಾಣಿ ಅಂಗಡ್ಯಾಗ ಎಣ್ಣಿ ಕೊಡವಲ್ರು ಅಣ್ಣ. ಹಳೇದು ಕೊಟ್ಟು ಹೊಸಾದು ಒಯ್ಯಿ ಅಂತಾರ. ಇಂವ ಬಡದ್ರ ಖರೇನ ಐದೂ ತಿಂಗಳದ್ದು ಬರ್ತತೇನು?"

"ಬರ್ತತಿ. ಒಂಬತ್ತೂ ಮಂದೀದು. ವಸೂಲಾದ ರೊಕ್ಕ ಮೊದ್ಲು ನಿಮಗ ಅಂತ ಸಾಹೇಬ್ರು ನನ್ನ ಮುಂದ ಹೇಳ್ಯಾರ."

ಮಾರೆಣ್ಣ ಮೊರದ ಅಕ್ಕಿಯಲ್ಲಿ ಬೆರಳಾಡಿಸಿದ. ಆಮೇಲೆ ಅಂದ: "ನಾಳೆ ಯಾರರ ಸತ್ರ ಬಂದು ಕರೀತಾರ. ಅವತ್ತು ಬಡದಿ, ಇವತ್ಯಾಕ ಬಡಿಯಲ್ಲ ಅಂತಾರ."

"ಸಾವಿಗೆ ಯಾರೂ ಕರಿಯಲ್ಲ. ಕರದ್ರ ನಾ ಅದೀನಿ. ನನ್ನ ದಾಟಿ ನಿನ್ನ ಹಂತ್ಯಾಕ ಬರಬೇಕು ಅವರು."

ಆ ಮಾತು ಕೊಟ್ಟು ಬಂದೆ.

ಹಲಗೆ ಬಡಿಯಲು ಯಾರನ್ನಾದರೂ ಒತ್ತಾಯ ಮಾಡಿದರೆ ಕೇಸಾಗುತ್ತದೆ ಎಂದು ಸಾಹೇಬರಿಗೆ ಗೊತ್ತಿತ್ತು. 'ಸ್ವಇಚ್ಛೆಯಿಂದ ಬಡಿಯುತ್ತೇನೆ' ಎಂದು ಒಂದು ಹಾಳೆ ಟೈಪು ಮಾಡಿಸಿ ಮಾರೆಣ್ಣನ ಸಹಿ ಹಾಕಿಸಿಕೊಂಡರು. ಹಲಗೆ ತರಲು ನನ್ನನ್ನು ಬಳ್ಳಾರಿಗೆ ಕಳಿಸಿದರು. ಕೌಲ್ ಬಜಾರಿನ ಅಂಗಡಿಯೊಂದರಲ್ಲಿ ಎರಡು ಸಾವಿರದ ಎಂಟುನೂರಕ್ಕೆ ಒಂದು ಸಿಕ್ಕಿತು. ಚರ್ಮದ್ದಲ್ಲ, ಫೈಬರಿನದು. ಬೆಂಕಿಗೆ ಕಾಸುವ ಕೆಲಸವಿಲ್ಲ, ಮಳೆಗೂ ಮೆತ್ತಗಾಗುವುದಿಲ್ಲ ಎಂದ ಅಂಗಡಿಯವನು. ಹಲಗೆ ಒಂದು, ಕೋಲು ಎರಡು ಎಂದು ಸ್ಟಾಕ್ ಪುಸ್ತಕದಲ್ಲಿ ಬರೆದುಕೊಂಡೆವು.

ಮೊದಲನೇ ದಿನ ಎರಡನೇ ವಾರ್ಡು. ಮೊದಲನೇ ಮನೆ ಪಾರಮ್ಮನದು, ಬಾಕಿ ಮೂರು ಸಾವಿರದ ಒಂಬೈನೂರು. ಮಾರೆಣ್ಣ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ನೆಲ ನೋಡುತ್ತ ನಿಂತ. "ಬಡಿಯಲೇ" ಎಂದೆ. ಬಡಿದ.

ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಎದುರು ಮನೆಯ ಮುದುಕ ಹೆಗಲ ಮೇಲಿನ ಟವಲು ತಲೆಗೆ ಸುತ್ತುತ್ತ ಓಡಿ ಬಂದ. "ಯಾರು ಹೋದ್ರಪ್ಪೋ?" ಆಚೆ ಈಚೆ ಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಪಾರಮ್ಮ ಒಳಗಿಂದ ಹೊರಬಂದವಳು ತನ್ನ ಬಾಗಿಲಿಗೇ ಹಲಗೆ ಬಂದಿರುವುದು ಕಂಡು ಕಿರುಚಿದಳು. ಅವಳ ಗಂಡ ಲಾರಿ ಡ್ರೈವರ್, ಆಂಧ್ರದ ಕಡೆ ಹೋಗಿದ್ದ.

ಅದು ಸಾವಿನ ಬಡಿತ. ನನಗೂ ಆಗಲೇ ತಲೆಗೆ ಹೋಯಿತು.

"ಅದನ್ಯಾಕ ಬಡಿತಿಯಲೇ ಮಂಗ್ಯಾ! ಬ್ಯಾರೇದು ಬಡಿ."

"ನನಗ ಬರೋದು ಇದೊಂದ ಅಣ್ಣ" ಎಂದ ಮಾರೆಣ್ಣ. ಮುಖ ಬೆವತಿತ್ತು. "ನಮ್ಮಪ್ಪ ಹೆಣದ ಮುಂದ ಕರಕೊಂಡು ಹೋಗ್ತಿದ್ದ, ಅಲ್ಲಿ ಕಲ್ತಿದ್ದು. ಮದಿವೀದು, ಹಬ್ಬದ್ದು ಕಲಿಯೋದ್ರಾಗ ಹಲಿಗಿ ಕಾಲುವಿಗೆ ಹೋದವು."

ಆ ಕೇರಿಯವನಾದರೆ ಸಾಕು, ಎಲ್ಲ ಬಡಿತವೂ ಹುಟ್ಟುತ್ತಲೇ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಹದಿನಾಲ್ಕು ಸದಸ್ಯರು, ಒಬ್ಬ ಮುಖ್ಯಾಧಿಕಾರಿ, ಒಬ್ಬ ಬಿಲ್ ಕಲೆಕ್ಟರ್. ಒಬ್ಬರೂ ಕೇಳಿರಲಿಲ್ಲ.

ಪಾರಮ್ಮ ಅಳುತ್ತಲೇ ಒಳಗೆ ಹೋಗಿ ಮೂರು ಸಾವಿರದ ಒಂಬೈನೂರು ತಂದು ನನ್ನ ಕಡೆ ಎಸೆದಳು. "ತಗೊಂಡು ಹೋಗ್ರಿ. ನನ್ನ ಗಂಡ ರಸ್ತ್ಯಾಗ ಅದಾನ. ಇನ್ನೊಂದು ಪೆಟ್ಟು ಬೀಳಬಾರದು ನನ್ನ ಬಾಗಲಾಗ."

ಮೂರು ವರ್ಷದಿಂದ ಬರದಿದ್ದ ದುಡ್ಡು ಐದು ನಿಮಿಷದಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಓಣಿಯವರು ಹಲಗೆ ತಮ್ಮ ಕಡೆ ತಿರುಗುವ ಮೊದಲೇ ಓಡಿ ಬಂದು ಕಟ್ಟತೊಡಗಿದರು. ಸಂಜೆ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಸಾವಿನ ಬಡಿತ ಅಂತೀರಾ? ಕೇಳೋಕೆ ಒಂಥರಾ ಆಗ್ತದೆ. ಎಷ್ಟು ಬಂತು ಇವತ್ತು?"

"ನಲವತ್ತೊಂದು ಸಾವಿರ."

"ಹಾಗಾದ್ರೆ ಹತ್ತು ದಿನ ನಡೀಲಿ ಬಿಡ್ರಿ."

ನಡೆಯಿತು. ಗವಿಸಿದ್ದೇಶನ ಮಿಲ್ಲಿಗೆ ಮಾತ್ರ ಹೋಗಲು ಬಿಡಲಿಲ್ಲ. ಐದನೇ ದಿನ ನಾನೇ ಮಾರೆಣ್ಣನನ್ನು ಕರೆದುಕೊಂಡು ಮಿಲ್ಲಿನ ಗೇಟಿನ ತನಕ ಹೋದೆ. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಯಾರೋ ಮೊದಲೇ ಹೇಳಿದ್ದರು. "ಅಮರೇಶ್, ಸದಸ್ಯರ ಬಾಗಿಲಿಗೆ ಬೇಡ. ನಾಳೆ ನಂಗೆ ಸಭೆ ನಡೆಸೋಕೆ ಆಗೋದಿಲ್ಲ." ಗೇಟಿನ ಕಾವಲುಗಾರನ ಮುಂದೆಯೇ ಬಾಯಿಗೆ ಬಂದದ್ದು ಬೈದೆ. ಬೈದು, ತಿರುಗಿ ಬಂದೆ.

ಏಳನೇ ದಿನ ದೊಡ್ಡಬಸಮ್ಮನ ಮನೆ. ಎಂಬತ್ತು ದಾಟಿದ ಮುದುಕಿ, ಗವಿಸಿದ್ದೇಶನ ದೊಡ್ಡಮ್ಮ. ಮಕ್ಕಳಿಲ್ಲ. ಮಿಲ್ಲಿನ ದುಡ್ಡು ಈ ಮನೆಯ ಕಡೆ ಬಂದಿರಲಿಲ್ಲ. ಬಾಕಿ ಎರಡು ಸಾವಿರದ ನಾನೂರು, ಅದೂ ಸತ್ತ ಗಂಡನ ಹೆಸರಲ್ಲಿ. ಹಲಗೆ ಶುರುವಾದಾಗ ಅವಳು ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹೆದರಲಿಲ್ಲ, ಓಡಲಿಲ್ಲ. ಕಿವಿ ಕೊಟ್ಟು ಪೂರ್ತಿ ಕೇಳಿದಳು.

"ಇನ್ನೂ ಹೋಗಿಲ್ಲಪ್ಪ ನಾನು. ಅದೀನಿ" ಎಂದಳು. ಬೊಚ್ಚುಬಾಯಲ್ಲಿ ನಕ್ಕಳು. "ಯಾರ ಮಗನಲೇ ನೀನು? ಮೂಕಪ್ಪನ ಮಗ ಅಲ್ಲೇನು? ನಿಮ್ಮಪ್ಪನ ಕೈ ಇದ್ದಂಗ ಐತಿ. ನಮ್ಮ ಯಜಮಾನ್ರು ಹೋದಾಗ ನಿಮ್ಮಪ್ಪ ಬಡದಿದ್ದು ಇನ್ನೂ ನನ್ನ ಕಿವ್ಯಾಗ ಐತಿ."

ಮಾರೆಣ್ಣ ಕೋಲು ಕೆಳಗಿಳಿಸಿದ.

"ನಾ ಹೋದಾಗ ಬಂದು ಹಿಂಗ ಬಡಿಯೋ ತಮ್ಮಾ. ಇತ್ತೀಚಿಗೆ ಬ್ಯಾಂಡಿನೋರು ಬಂದು ಸಿನಿಮಾದ ಹಾಡು ಬಾರಿಸ್ತಾರ, ನನಗ ಸೇರಲ್ಲ."

ಸೊಂಟದ ಚೀಲದಿಂದ ಐನೂರರ ಒಂದು ನೋಟು ತೆಗೆದು ಕೊಟ್ಟಳು. ರಸೀದಿ ಬರೆದೆ. ಮಾರೆಣ್ಣ ಅವಳ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಆ ಮಾತನ್ನು ಓಣಿಯ ಹತ್ತು ಜನ ಕೇಳಿದ್ದರು.

ಹತ್ತು ದಿನಕ್ಕೆ ಮೂರು ಲಕ್ಷದ ಏಳು ಸಾವಿರ ಬಂತು. ಒಂಬತ್ತು ಜನರ ಐದು ತಿಂಗಳ ಪಗಾರಕ್ಕೆ ಬೇಕಾದದ್ದು ನಾಲ್ಕು ಲಕ್ಷ ತೊಂಬತ್ತೈದು ಸಾವಿರ. "ಉಳಿದದ್ದೂ ಬರಲಿ, ಒಟ್ಟಿಗೇ ಕೊಡೋಣ" ಎಂದರು ಸಾಹೇಬರು. ಹಲಗೆಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾರೆಣ್ಣ ಮತ್ತೆ ಕಸದ ಗಾಡಿಗೆ ಹೋದ. ಕೇರಿಯಲ್ಲಿ ಅವನ ಜೊತೆ ಮಾತಾಡುವವರು ಕಡಿಮೆಯಾಗಿದ್ದರು. ಅಂದು ಕಾಲುವೆಗೆ ಹಲಗೆ ಒಗೆದವರಲ್ಲಿ ಇನ್ನೂ ನಾಲ್ಕು ಜನ ಬದುಕಿದ್ದಾರೆ. ಅವರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಪಗಾರ ಬಂದಾಗ ಎಲ್ಲ ಸರಿಹೋಗುತ್ತದೆ ಎಂದು ನಾನು ಅವನಿಗೆ ಹೇಳುತ್ತಿದ್ದೆ.

ದೊಡ್ಡಬಸಮ್ಮ ಹಲಗೆ ನಿಲ್ಲಿಸಿದ ಹನ್ನೊಂದನೇ ದಿನ ಬೆಳಿಗ್ಗೆ ತೀರಿಕೊಂಡಳು. ವಯಸ್ಸಾಗಿತ್ತು. ಆದರೂ ಓಣಿಯಲ್ಲಿ, ಟ್ಯಾಕ್ಸಿನವರು ಹಲಗೆ ಬಡಿದು ಸಾವನ್ನ ಕರೆಸಿದರು ಎಂದು ಮಾತಾಡಿದರು.

ಒಂಬತ್ತು ಗಂಟೆಗೆ ಮಾರೆಣ್ಣ ನನ್ನ ಮನೆಗೆ ಬಂದ. ಕಸದ ಗಾಡಿಯನ್ನು ನಡುದಾರಿಯಲ್ಲೇ ಬಿಟ್ಟು ಬಂದಿದ್ದ.

"ಅಣ್ಣ, ಕರಿಯಾಕ ಬಂದಾರ. ಗವಿಸಿದ್ದೇಶಪ್ಪನ ಆಳುಗಳು. ಮುದುಕಿ ಬಾಯಿಲೇ ಹೇಳ್ಯಾಳ, ಬರಬೇಕು ಅಂತಾರ. ನೀವು ಬಂದು ಹೇಳ್ರಿ ಅದು ಆಫೀಸಿನ ಕೆಲಸ ಆಗಿತ್ತು ಅಂತ."

ನಾನು ಹೋದೆ. ಹೆಣವನ್ನು ಕಟ್ಟೆಯ ಮೇಲೆ ಕೂಡಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಗವಿಸಿದ್ದೇಶ್ ಬಿಳಿ ಪಂಚೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಬದುಕಿದ್ದಾಗ ಅವಳ ಎರಡು ಸಾವಿರದ ಬಾಕಿ ಕಟ್ಟದವನು ಸತ್ತ ಮೇಲೆ ಶಾಮಿಯಾನ ಹಾಕಿಸಿದ್ದ.

"ಹಲಿಗಿ ಆಫೀಸಿಂದು. ಸಾವಿಗಲ್ಲ. ಅವರು ಬಿಟ್ಟು ಮೂವತ್ತು ವರ್ಷ ಆತು, ನಿಮಗೂ ಗೊತ್ತೈತಿ" ಎಂದೆ.

"ಬಿಟ್ಟಿದ್ರು, ಈಗ ಹಿಡದಾರಲ್ಲ?" ಎಂದ ಗವಿಸಿದ್ದೇಶ್. "ಟ್ಯಾಕ್ಸಿಗೆ ಬಡಿಯಾಕ ಬರ್ತತಿ, ನಮ್ಮ ದೊಡ್ಡವ್ವಗ ಬರಲ್ಲೇನು? ಅಕಿ ಬಾಗಲಾಗ ನಿಂತು ಸಾವಿಂದ ಬಡದಾನ. ನೀನೂ ಇದ್ದಿ."

ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ.

ಗವಿಸಿದ್ದೇಶ್ ಪಕ್ಕಕ್ಕೆ ಕರೆದ. "ನೋಡು ಅಮರೇಶ, ಜಗಳ ಬ್ಯಾಡ. ಮಧ್ಯಾಹ್ನ ಮೂರಕ್ಕ ಹೊರಡ್ತೀವಿ. ಹಲಿಗಿ ಬಂದ್ರ ನಾಳೆ ಮುಂಜಾನೆ ಮಿಲ್ಲಿನ ಬಾಕಿ ಪೂರಾ ಕಟ್ತೀನಿ. ಬರದಿದ್ರ ನಿಮ್ಮ ಸಾಹೇಬ್ರನ್ನ ಕೇಳ್ತೀನಿ, ಪಂಚಾಯ್ತಿ ರೊಕ್ಕದಾಗ ಹಲಿಗಿ ತಂದಿದ್ದು ಯಾಕ ಅಂತ."

ನಾನು ಆಫೀಸಿಗೆ ಬರುವಷ್ಟರಲ್ಲಿ ಸಾಹೇಬರಿಗೆ ಸುದ್ದಿ ಮುಟ್ಟಿತ್ತು. ಅವರು ಬೇಡ ಅನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. "ಒತ್ತಾಯ ಮಾಡಬೇಡ್ರಿ. ಅವನೇ ಒಪ್ಪಿದ್ರೆ ನೋಡ್ರಿ. ಒಂದು ಲಕ್ಷ ತೊಂಬತ್ತೆರಡು ಬಂದ್ರೆ ನಾಳೇನೇ ಪಗಾರ ಮಾಡಬಹುದು" ಎಂದರು.

ಲೆಕ್ಕ ನನ್ನ ತಲೆಯಲ್ಲಿ ಆಗಲೇ ಆಗಿತ್ತು. ಮೂರು ಲಕ್ಷದ ಏಳಕ್ಕೆ ಇದನ್ನು ಕೂಡಿಸಿದರೆ ಐದೂ ತಿಂಗಳು ಮುಗಿದು ನಾಲ್ಕು ಸಾವಿರ ಉಳಿಯುತ್ತದೆ. ನಾನು ಕೊಟ್ಟ ಎರಡು ಮಾತುಗಳಲ್ಲಿ ಒಂದನ್ನು ಮುರಿದರೆ ಇನ್ನೊಂದು ನಿಲ್ಲುತ್ತದೆ. ಬೀರುವಿನ ಬೀಗ ತೆಗೆದು, ಹಲಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕೇರಿಗೆ ಹೋದೆ.

ಮಾರೆಣ್ಣ ಹಲಗೆ ನೋಡಿದ. ನನ್ನ ಮುಖ ನೋಡಲಿಲ್ಲ.

"ಇದೊಂದ ಸಲ" ಎಂದೆ.

"ಅವತ್ತು ನೀವು ಏನು ಹೇಳಿದ್ರಿ ಅಣ್ಣ?"

"ಹೇಳಿದ್ನೆಪಾ. ನಾಳೆ ಮಿಲ್ಲಿನ ಬಾಕಿ ಬರ್ತತಿ. ನಾಡದ್ದು ನಿಮ್ಮ ಒಂಬತ್ತು ಮಂದಿ ಕೈಯಾಗ ರೊಕ್ಕ ಇರ್ತತಿ."

"ನಮ್ಮಪ್ಪ ಸತ್ತಾಗ ಸುಮ್ಮನ ಒಯ್ದೀವಿ. ಕೇರಿ ಪೂರಾ ಬಾಯಿ ಮುಚ್ಚಿಕೊಂಡು ನಡದಿತ್ತು. ನೀವೂ ಬಂದಿದ್ರಿ."

"ಬಂದಿದ್ದೆ."

"ನಾ ಒಲ್ಲೆ ಅಣ್ಣ. ಪಗಾರ ಕೊಡದಿದ್ರ ಬ್ಯಾಡ."

ಆಗ ನನ್ನ ತಲೆ ಕೆಟ್ಟಿತು. ಬೆಳಿಗ್ಗೆಯಿಂದ ಹತ್ತು ಜನರ ಮುಂದೆ ಬಾಯಿ ಮುಚ್ಚಿಕೊಂಡು ನಿಂತ ಸಿಟ್ಟು ಎದುರಾಡದವನ ಮೇಲೆ ಹರಿಯಿತು.

"ಹತ್ತು ದಿನ ಊರ ತುಂಬ ಬಡದ ಕೈಗೆ ಇವತ್ತೇನು ಮರ್ಯಾದಿ ಬಂತೇನಲೇ? ಕಾಲುವಿಗೆ ಒಗದಿದ್ದನ್ನ ನೀನ ಎತ್ತಿಕೊಂಡು ಬಂದಿ. ಇನ್ನು ಎಲ್ಲಿ ಬಡದ್ರೇನು?"

ಹೊನ್ನೂರಮ್ಮ ಬಾಗಿಲಲ್ಲಿ ನಿಂತಿದ್ದಳು. ಸುತ್ತಲಿನ ಮನೆಯವರೂ ಹೊರಗೆ ಬಂದಿದ್ದರು. ನಾನು ಹೇಳಿದ್ದನ್ನೇ ಅವರೂ ಇಷ್ಟು ದಿನ ಮನಸ್ಸಲ್ಲಿ ಅಂದುಕೊಂಡಿದ್ದರು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಮಾರೆಣ್ಣನಿಗೂ ಅದು ಕಂಡಿತು. ಅವನು ಒಂದು ಸಲ ಸುತ್ತ ನೋಡಿದ. ಆಮೇಲೆ ನನ್ನ ಗಾಡಿಯ ಹತ್ತಿರ ಬಂದು ತಾನೇ ಹಗ್ಗ ಬಿಚ್ಚಿದ.

"ಖರೆ ಅಂತೀರಿ" ಎಂದ.

ಮೂರು ಗಂಟೆಗೆ ಹೆಣ ಎತ್ತಿದರು. ಮಾರೆಣ್ಣ ಮುಂದೆ, ಹಿಂದೆ ಊರು. ಮೊದಲ ದಿನ ತಡವರಿಸುತ್ತಿದ್ದ ಕೈ ಈಗ ಪಳಗಿತ್ತು. ನಾವೇ ಹತ್ತು ದಿನ ತಾಲೀಮು ಮಾಡಿಸಿದ್ದೆವು. ಮೂಕಪ್ಪನೇ ಬಂದಂತಿದೆ ಎಂದು ಮುದುಕರು ತಲೆದೂಗಿದರು. ಒಬ್ಬ ಅವನ ಅಂಗಿಗೆ ನೂರರ ನೋಟು ಸಿಕ್ಕಿಸಿದ. ಮೆರವಣಿಗೆ ಕಾಲುವೆಯ ಸೇತುವೆ ದಾಟುವಾಗ ಕೇರಿಯ ನಾಲ್ಕು ಹಿರಿಯರು ಆ ತುದಿಯಲ್ಲಿ ನಿಂತಿದ್ದರು. ಮಾರೆಣ್ಣ ಅವರ ಮುಂದೆಯೇ ಬಡಿಯುತ್ತ ಹೋದ. ಅವರಲ್ಲಿ ಒಬ್ಬ ಕೆಳಗೆ ಕೂತುಬಿಟ್ಟ.

ಗವಿಸಿದ್ದೇಶ್ ಮಾತಿಗೆ ತಪ್ಪಲಿಲ್ಲ. ಮರುದಿನ ಹತ್ತೂವರೆಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಪಂಚಾಯಿತಿ ಖಾತೆಗೆ ಬಂತು. ರಸೀದಿ ನಾನೇ ಬರೆದೆ. ಹನ್ನೆರಡು ಗಂಟೆಗೆ ಕರೆಂಟಿನವರು ಬಂದು ನೀರಿನ ಪಂಪ್‌ಹೌಸಿನ ಫ್ಯೂಸು ಕಿತ್ತುಕೊಂಡು ಹೋದರು. ಅವರದು ಮೂವತ್ತೆಂಟು ಲಕ್ಷ ಬಾಕಿ. ಐದು ಲಕ್ಷವಾದರೂ ಕಟ್ಟಿದರೆ ಲೈನು ಕೊಡುತ್ತೇವೆ ಎಂದರು. ಸಂಜೆಯ ಹೊತ್ತಿಗೆ ಹೆಂಗಸರು ಕೊಡ ಹಿಡಿದು ಆಫೀಸಿನ ಮುಂದೆ ಕೂತರು. ಸದಸ್ಯರು ಕೂಗಾಡಿದರು. ಸಾಹೇಬರು ಅಂಗಲಾಚಿ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೆ ಒಪ್ಪಿಸಿ ಕಟ್ಟಿದರು. ರಾತ್ರಿ ನಲ್ಲಿಯಲ್ಲಿ ನೀರು ಬಂತು.

"ಊರಿಗೆ ನೀರು ಬಿಡದೆ ಪಗಾರ ಮಾಡೋಕೆ ಆಗ್ತಿತ್ತೇನ್ರಿ?" ಎಂದರು ನನಗೆ. ಆಗುತ್ತಿರಲಿಲ್ಲ. ಅದೇ ನನ್ನನ್ನು ಇನ್ನೂ ಉರಿಸುತ್ತದೆ. ಬೈಯಬೇಕೆಂದರೆ ಅವರು ತಪ್ಪು ಹೇಳಿರಲಿಲ್ಲ.

ಉಳಿದದ್ದು ಇಪ್ಪತ್ತನಾಲ್ಕು ಸಾವಿರ. ಒಂಬತ್ತು ಜನರಿಗೆ ಹಂಚಿದೆವು, ತಲೆಗೆ ಎರಡು ಸಾವಿರದ ಆರುನೂರು. ಹೊನ್ನೂರಮ್ಮ ತನ್ನದನ್ನೂ ಗಂಡನದನ್ನೂ ಎಣಿಸಿಕೊಂಡಳು. "ಎಣ್ಣಿ ಅಂಗಡ್ಯಾಂವಗ ಕೊಟ್ರ ಇದ್ರಾಗ ಏನೂ ಉಳಿಯಂಗಿಲ್ಲ" ಎಂದಳು, ಯಾರಿಗೆಂದು ಇಲ್ಲ. ಮಾರೆಣ್ಣ ಸಹಿ ಹಾಕಿ ಹೋದ. ನಾನು ಚಹಾಕ್ಕೆ ಕರೆದೆ, ಬರಲಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಬೇರೆ ವಾರ್ಡಿನವರೂ ಸಾವಿಗೆ ಹಲಗೆ ಕೇಳುತ್ತಿದ್ದಾರೆ ಎಂಬ ವಿಷಯ ಬಂತು. ಗವಿಸಿದ್ದೇಶ್ ಹೇಳಿದ: "ಪುಕ್ಕಟೆ ಯಾಕ ಕೊಡ್ತೀರಿ? ಹೆಣದ ಗಾಡಿಗೆ ಐನೂರು ತಗೊಂತೀವಿ. ಇದಕ್ಕ ಸಾವಿರ ಇಡ್ರಿ. ಆದಾಯ ಆದಾಯ ಅಂತ ನೀವ ಅಂತಿದ್ರಲ್ಲ ಸಾಹೇಬ್ರ."

"ಕೇಸಾಗ್ತದೆ" ಎಂದರು ಸಾಹೇಬರು ಮೆತ್ತಗೆ.

"ಸ್ವಇಚ್ಛೆ ಅಂತ ಬರಕೊಟ್ಟಾನಲ್ರಿ."

ನಾನು ಎದ್ದು ನಿಂತು, ಇದು ಮನುಷ್ಯರು ಮಾಡುವ ಕೆಲಸವಲ್ಲ ಎಂದು ಕೂಗಿದೆ. ಅಮರೇಶ್, ಕೂತ್ಕೊಳ್ರಿ ಎಂದರು. ಈ ಸಲ ಕೂರಲಿಲ್ಲ, ಹೊರಗೆ ಬಂದೆ. ಒಳಗೆ ಠರಾವು ಪಾಸಾಯಿತು. ಸಾವಿರದಲ್ಲಿ ಇನ್ನೂರು ಮಾರೆಣ್ಣನಿಗೆ, ಎಂಟುನೂರು ಪಂಚಾಯಿತಿಗೆ. ನಡಾವಳಿ ಪುಸ್ತಕದಲ್ಲಿ ಹಲಗೆ ಎಂಬ ಮಾತನ್ನು ಬರೆಯಲಿಲ್ಲ. ಅಂತ್ಯಸಂಸ್ಕಾರ ಸಹಾಯ ಸೇವೆ ಎಂದು ಬರೆದರು.

ಅದಾಗಿ ನಾಲ್ಕನೇ ದಿನ, ಸೋಮವಾರ, ಆರನೇ ವಾರ್ಡಿನ ಒಬ್ಬ ಬಂದು ನನ್ನ ಮೇಜಿನ ಮೇಲೆ ಐನೂರರ ಎರಡು ನೋಟು ಇಟ್ಟ. ಅವನ ತಂದೆ ಬೆಳಗಿನ ಜಾವ ತೀರಿಕೊಂಡಿದ್ದ. ಮಾರೆಣ್ಣ ಬಾಗಿಲ ಹೊರಗೆ ಹಲಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಬೀರುವಿನ ಬೀಗದ ಕೈ ಈಗ ಸಾಹೇಬರ ಹತ್ತಿರ ಇರುತ್ತಿತ್ತು.

"ನಾ ಬರಿಯಲ್ಲ" ಎಂದೆ. "ಯಾರ ಕೈಲಿ ಬೇಕಾದ್ರ ಬರಸ್ರಿ."

ಬಂದವನು ಏನೂ ತಿಳಿಯದೆ ನನ್ನನ್ನೂ ಮಾರೆಣ್ಣನನ್ನೂ ನೋಡಿದ. ಅಪ್ಪ ಸತ್ತ ಮನುಷ್ಯ, ಕಣ್ಣು ಕೆಂಪಾಗಿದ್ದವು.

ಮಾರೆಣ್ಣ ಹೊಸ್ತಿಲ ತನಕ ಬಂದ. ಇಪ್ಪತ್ತು ದಿನದ ಮೇಲೆ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಅಣ್ಣ ಅನ್ನಲಿಲ್ಲ.

"ಬರೀರಿ ಸಾರ್. ನೀವು ಬರೀದಿದ್ರ ಒಳಗ ಕುಂತವರು ಬರೀತಾರ. ಅವರು ಮಧ್ಯಾಹ್ನಕ್ಕ ಮಣ್ಣು ಮಾಡ್ತಾರಂತ. ನನಗ ಹೊತ್ತಾಗ್ತತಿ."

ರಸೀದಿ ಪುಸ್ತಕ ತೆಗೆದು ಕಾರ್ಬನ್ ಇಟ್ಟೆ. ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಪರವಾನಗಿ ಎಂದು ಅಚ್ಚಾದ ಸಾಲುಗಳಿದ್ದವು. ಕೊನೆಗೆ 'ಇತರೆ' ಎಂದಿತ್ತು. ಅದರ ಮುಂದೆ ಒಂದು ಸಾವಿರ ಎಂದು ಬರೆದು, ಸಹಿ ಹಾಕಿ, ಹರಿದು ಕೊಟ್ಟೆ.

ಮಾರೆಣ್ಣ ಬಂದವನಿಗೆ, "ನಡೀರಿ, ಮನಿ ಯಾವ ಕಡೆ?" ಎಂದು ಕೇಳುತ್ತ ಅವನ ಹಿಂದೆ ಹೋದ.